ಬೀಗರ ಮುಂದೆ ಶುಗರ್ ಇಲ್ಲ

ಕಳೆದ ಭಾನುವಾರ ಸಂಡೂರಿನ ಬೀಗರ ಮನೆಯ ಪಡಸಾಲೆಯಲ್ಲಿ ನನ್ನ ಭಾವ ಕುಂತಲ್ಲೇ ವಾಲಿದರು. ಮೈಯೆಲ್ಲ ಬೆವರು, ಕೈ ಗಡಗಡ, ಮಾತು ತೊದಲು. ಮುಂದಿನ ತಿಂಗಳು ಅಮೆರಿಕದ ವಿಮಾನ ಹತ್ತಬೇಕಾದ ಮನುಷ್ಯ!

ಕೆಲವೇ ದಿನಗಳ ಹಿಂದೆ ಅದೇ ಪಡಸಾಲೆಯಲ್ಲಿ, ಅದೇ ಕುರ್ಚಿಯಲ್ಲಿ ಕುಂತು, ಹೆಲ್ತ್ ಇನ್ಶೂರೆನ್ಸ್ ಮಾಡಿಸುವಾಗ ಅವರು ಎದೆ ಸೆಟೆಸಿ ಹೇಳಿದ್ದು ನನ್ನ ಕಿವಿಯಲ್ಲಿನ್ನೂ ಇದೆ. "ನನಗ ಯಾವ ರೋಗನೂ ಇಲ್ರಿ. ಗಟ್ಟಿ ಅದೀನಿ."

ಮೊದಲಿನಿಂದ ಹೇಳುತ್ತೇನೆ.

ಭಾವ, ಅಂದರೆ ನನ್ನ ಅಕ್ಕನ ಗಂಡ, ಕಂಪ್ಲಿಯವರು. ಅಲ್ಲೊಂದು ರೈಸ್ ಮಿಲ್ ನಡೆಸುತ್ತಿದ್ದರು. ಅವರ ತಂಗಿ ಗಿರಿಜಾ ಮದುವೆಯಾಗಿ ಅಮೆರಿಕಕ್ಕೆ ಹೋದವಳು, ಅಲ್ಲಿನ ಪ್ರಜೆಯಾದ ಹೊಸದರಲ್ಲಿ ಪ್ರೀತಿ ಉಕ್ಕಿ ಅಣ್ಣನ ಹೆಸರಿಗೂ ಒಂದು ಅರ್ಜಿ ಹಾಕಿದ್ದಳು. ಆಗ ಭಾವನ ಮೀಸೆ ಕಪ್ಪಗಿತ್ತು. ಅದು ಬೆಳ್ಳಗಾಯಿತು, ಆಮೇಲೆ ಬೇಸರವಾಗಿ ಅದನ್ನು ತೆಗೆಸಿಯೂ ಆಯಿತು. ಅರ್ಜಿ ಹಾಕಿದ್ದನ್ನು ಎಲ್ಲರೂ ಮರೆತ ಮೇಲೆ ವೀಸಾ ಬಂತು. (ಸರ್ಕಾರಿ ಕೆಲಸ ನಿಧಾನ ಅಂತ ನಮ್ಮ ತಾಲೂಕು ಕಚೇರಿಯನ್ನಷ್ಟೇ ಬೈಯುವವರು ದಯವಿಟ್ಟು ಗಮನಿಸಿ.)

ಹೋಗಬೇಕಾ ಅಂತ ಯಾರಾದರೂ ಯೋಚಿಸಿದರೇ? ಇಲ್ಲ. ಬಂದ ವೀಸಾ ಬಿಡುವುದು ಹೇಗೆ? ಮದುವೆಮನೆಯಲ್ಲಿ ಹೊಟ್ಟೆ ತುಂಬಿದ ಮೇಲೂ ಪಂಕ್ತಿಯಲ್ಲಿ ಐಸ್‌ಕ್ರೀಂ ಬಂದರೆ ಕೈ ಚಾಚುವವರು ನಾವು. ಒಬ್ಬಳೇ ಮಗಳನ್ನು ಸಂಡೂರಿಗೆ ಕೊಟ್ಟು ಆಗಿತ್ತು. ಭಾವ ಮಿಲ್ಲನ್ನು ಲೀಸಿಗೆ ಕೊಟ್ಟು, ಸ್ವೆಟರ್ ಖರೀದಿಗೆ ನಿಂತರು.

ಸ್ವೆಟರ್ ಆದ ಮೇಲೆ ದೇಹದ ಸರ್ವಿಸಿಂಗ್ ಶುರುವಾಯಿತು. ಅಮೆರಿಕಕ್ಕೆ ಹೋಗುವ ಮುಂಚೆ ಹಲ್ಲು, ಕಣ್ಣು, ಕಿವಿ ಎಲ್ಲ ಇಲ್ಲೇ ರಿಪೇರಿ ಮಾಡಿಸಿಕೊಳ್ಳಬೇಕು ಅನ್ನುವುದು ನಮ್ಮ ಹೊಸಪೇಟೆಯಲ್ಲಿ ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ಅಲ್ಲಿ ಒಂದು ಹಲ್ಲು ಕೀಳಿಸುವ ದುಡ್ಡಿಗೆ ಇಲ್ಲಿ ಬಾಯಿ ತುಂಬ ಹೊಸ ಹಲ್ಲು ಬರುತ್ತದಂತೆ. ಅಕ್ಕ ಮತ್ತು ಭಾವ ನಮ್ಮ ಮನೆಯಲ್ಲೇ ಝಂಡಾ ಊರಿ, ಒಂದು ಆಸ್ಪತ್ರೆ ಮುಗಿದರೆ ಇನ್ನೊಂದು ಅಂತ ತಿರುಗಿದರು. ಲಾಂಗ್ ಟ್ರಿಪ್ಪಿಗೆ ಹೊರಟ ಲಾರಿಯನ್ನೂ ಯಾರೂ ಅಷ್ಟು ಚೆಕ್ ಮಾಡಿಸುವುದಿಲ್ಲ ಬಿಡಿ.

ಒಂದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಭಾವನಿಗೆ ಶುಗರ್ ಇದೆ. ಮಗಳ ಮದುವೆಗಿಂತ ಮುಂಚಿನಿಂದಲೂ ಇದೆ. ಕಂಪ್ಲಿಯಲ್ಲಿ ತೋರಿಸಿದರೆ ಸುದ್ದಿಯಾಗುತ್ತದೆ ಅಂತ ಬಳ್ಳಾರಿಗೆ ಹೋಗಿ ತೋರಿಸಿಕೊಳ್ಳುತ್ತಾರೆ. ಮಾತ್ರೆ ಇಟ್ಟುಕೊಳ್ಳುವುದು ಎಲ್ಲಿ ಗೊತ್ತೇ? ಎಲೆ, ಅಡಿಕೆ, ತಂಬಾಕು ಇಡುವ ಬಟ್ಟೆಯ ಚಂಚಿಯಲ್ಲಿ. ಆ ಚಂಚಿ ಎಷ್ಟು ಸಲ ಬಿಚ್ಚಿದರೂ ಯಾರೂ ಅನುಮಾನಿಸುವುದಿಲ್ಲ.

(ಹಾಗೆ ನೋಡಿದರೆ ತಂಬಾಕನ್ನೂ ಅವರು ಬಿಟ್ಟಿದ್ದಾರೆ. ಹಿಂದೊಮ್ಮೆ ಗಿರಿಜಾ ಊರಿಗೆ ಬಂದಾಗ ಹಂಪಿಗೆ ಕರೆದುಕೊಂಡು ಹೋಗಿ, ವಿರೂಪಾಕ್ಷನ ಎದುರು ಆಣೆ ಮಾಡಿಸಿ ಬಿಡಿಸಿದ್ದಳು. ದರ್ಶನ ಮುಗಿಸಿ ಹೊರಬಂದವರೇ ಹಂಪಿ ಬಜಾರಿನ ಕಲ್ಲುಮಂಟಪದ ಮರೆಗೆ ಹೋಗಿ ಎಲೆಗೆ ಸುಣ್ಣ ಹಚ್ಚಿ ತಂಬಾಕು ಮಡಚಿದ್ದಕ್ಕೆ ನಾನೊಬ್ಬ ಸಾಕ್ಷಿ.)

ಈಗ ಇನ್ಶೂರೆನ್ಸಿಗೆ ಬರೋಣ. ಗಿರಿಜಾ ಫೋನಿನಲ್ಲಿ ಹೆದರಿಸಿಟ್ಟಿದ್ದಳು. ಇನ್ಶೂರೆನ್ಸ್ ಇಲ್ಲದೆ ಅಮೆರಿಕದಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಕಂಪ್ಲಿಯ ಮಿಲ್ಲು ಮಾರಬೇಕಾಗುತ್ತದೆ ಅಂತ. ಹೊಸದಾಗಿ ಬಂದವರು ಎರಡು ತಿಂಗಳೊಳಗೆ ಅಲ್ಲಿನದೇ ಒಂದು ಪ್ಲಾನ್ ಕೊಳ್ಳಬೇಕಂತೆ. ಅದು ಶುರುವಾಗುವ ತನಕ ಮುನ್ನೆಚ್ಚರಿಕೆಗೆ ಇಲ್ಲಿಂದಲೇ ಒಂದು ಸಣ್ಣ ಪಾಲಿಸಿ ಮಾಡಿಸಿಕೊಂಡು ಬನ್ನಿ ಅಂದಳು.

ಪಾಲಿಸಿ ಮಾರುವವರು ಊರು ತುಂಬ ಇದ್ದಾರೆ. ಆದರೆ ನಮ್ಮ ಭಾವನಿಗೆ ಸ್ವಂತ ಬೀಗರೇ ಇನ್ಶೂರೆನ್ಸ್ ಏಜೆಂಟ್! ಮಗಳ ಮಾವ. ಸಂಡೂರಿನ ಗಣಿ ಆಫೀಸಿನಲ್ಲಿದ್ದು ರಿಟೈರಾದ ಮೇಲೆ ಈ ಕೆಲಸ ಹಿಡಿದವರು. ಅವರನ್ನು ಬಿಟ್ಟು ಬೇರೆಯವರ ಹತ್ತಿರ ಮಾಡಿಸಿದರೆ ಬೀಗತನ ಉಳಿಯುತ್ತದೆಯೇ?

ಬೀಗರು ಕನ್ನಡಕ ಏರಿಸಿ, ಬಿ.ಪಿ., ಶುಗರ್, ಹಾರ್ಟು ಏನಾದರೂ ಉಂಟೇ ಎಂದು ಕೇಳಿದರು. ಒಳಗಿನ ಬಾಗಿಲಲ್ಲಿ ಬೀಗತಿ ನಿಂತಿದ್ದರು. ನೀವೇ ಹೇಳಿ, ಹೆಣ್ಣು ಕೊಟ್ಟವನು ಅಲ್ಲಿ ಏನಂತ ಹೇಳಬೇಕು? ಅಪ್ಪನಿಗೆ ಇದ್ದರೆ ಮಗಳಿಗೂ ಬರುತ್ತದಂತೆ ಅನ್ನುವ ಮಾತು ಅಡುಗೆಮನೆಯಿಂದ ಹೊರಡಲು ಎಷ್ಟು ಹೊತ್ತು ಬೇಕು? ಭಾವ ಗಟ್ಟಿಯಾಗಿಬಿಟ್ಟರು. ಪಕ್ಕದಲ್ಲಿದ್ದ ಅಕ್ಕ ಸೆರಗಿನ ತುದಿ ತಿರುವುತ್ತ ನೆಲ ನೋಡುತ್ತಿದ್ದಳು.

ಅಂಥ ಗಟ್ಟಿ ಆಳಿಗೆ ಬೀಗರು ಬರೀ ಚಹಾ ಕೊಟ್ಟು ಕಳಿಸುತ್ತಾರೆಯೇ? ಪರದೇಶಕ್ಕೆ ಹೋಗುವವರಿಗೆ ಹೋಳಿಗೆ ಊಟ ಹಾಕದೆ ಬಿಡುವುದಿಲ್ಲ, ಭಾನುವಾರ ಬರಲೇಬೇಕು ಅಂದರು. ಬೀಗರ ಮನೆಯ ಹೋಳಿಗೆ ಅಂದರೆ ಒಂದಕ್ಕೆ ಏಳುವ ಹಾಗಿಲ್ಲ. ಬೇಡ ಅಂದಷ್ಟೂ ಎಲೆಗೆ ಬೀಳುತ್ತವೆ, ಮೇಲೆ ತುಪ್ಪದ ಧಾರೆ.

ಅದಕ್ಕೆ ಭಾವ ಉಪಾಯ ಮಾಡಿದರು. ಹೋಳಿಗೆಗೆ ಮುಂಗಡವಾಗಿ ಬೆಳಿಗ್ಗೆಯೇ ಡಬಲ್ ಮಾತ್ರೆ ನುಂಗಿದರು! ಹೊಟ್ಟೆಯಲ್ಲಿ ಜಾಗ ಇರಲಿ ಅಂತ ನಾಷ್ಟಾನೂ ಬಿಟ್ಟರು. ಲೆಕ್ಕ ಸರಿಯೇ ಇತ್ತು, ಊಟ ಹೊತ್ತಿಗೆ ಸರಿಯಾಗಿ ಸಿಕ್ಕಿದ್ದರೆ. ಅಳಿಯ ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟಿನಲ್ಲಿದ್ದ. ಅವನು ಬರದೆ ಎಲೆ ಹಾಕುವ ಹಾಗಿಲ್ಲ. ಕಂಪನಿ ಬಸ್ಸು ಲೇಟು. ಒಳಗಿನಿಂದ ಹೋಳಿಗೆ ಬೇಯುವ ಘಮ, ಹೊರಗೆ ಭಾವನ ಹಣೆಯಲ್ಲಿ ಬೆವರು.

ಆಮೇಲೆ ವಾಲಿದರು.

ಅಕ್ಕ ಚೀರಿದಳು. ನಾನು ಹಾರ್ಟ್ ಅಟ್ಯಾಕ್ ಅಂದುಕೊಂಡು ಕಾರಿನ ಕೀಲಿಗೆ ತಡಕಾಡಿದೆ. ಬೀಗರು ಮಾತ್ರ ಗಾಬರಿಯಾಗಲಿಲ್ಲ. ಭಾವನ ಕೈ ಮುಟ್ಟಿ, ಕಣ್ಣು ನೋಡಿ, ತಮ್ಮ ಜುಬ್ಬಾದ ಕಿಸೆಯಿಂದ ಗ್ಲೂಕೋಸ್ ಪುಡಿಯ ಪೊಟ್ಟಣ ತೆಗೆದರು. ನೀರಿನಲ್ಲಿ ಕಲಸಿ, ಭಾವನನ್ನು ಎತ್ತಿ ಕೂರಿಸಿ, ಗುಟುಕು ಗುಟುಕಾಗಿ ಕುಡಿಸಿದರು.

"ಶುಗರ್ ಲೋ ಆಗೇತ್ರಿ. ಹೆದರಬ್ಯಾಡ್ರಿ, ಈಗ ಏಳ್ತಾರ," ಅಂದರು.

ಭಾವ ಎದ್ದರು. ಎಲ್ಲರ ಕಣ್ಣೂ ಈಗ ಬೀಗರ ಕಿಸೆಯ ಮೇಲೆ. ಆರೋಗ್ಯವಂತರು ಯಾರಾದರೂ ಗ್ಲೂಕೋಸ್ ಇಟ್ಟುಕೊಂಡು ಓಡಾಡುತ್ತಾರೆಯೇ?

ಬೀಗತಿಯೇ ಬಾಗಿಲಿಂದ ಹೊರಗೆ ಬಂದು, ತಮ್ಮ ಯಜಮಾನರದೂ ಇದೇ ಕಥೆ, ಮದುವೆ ಮಾತುಕತೆಯ ಮುಂಚಿನಿಂದಲೂ ಇದೆ ಅಂತ ಒಪ್ಪಿಕೊಂಡರು. ನನಗೆ ಆ ಮಾತುಕತೆಯ ದಿನ ನೆನಪಾಯಿತು. ಇಬ್ಬರೂ ಬೀಗರು ಎದುರುಬದುರು ಕುಂತು, ಒಬ್ಬರಿಗೊಬ್ಬರು ಒತ್ತಾಯ ಮಾಡಿ ಹೋಳಿಗೆ ಹಾಕಿಸಿದ್ದೇ ಹಾಕಿಸಿದ್ದು! ಸಂಬಂಧ ಅಂದರೆ ಹೀಗಿರಬೇಕು ಅಂತ ನಾವೆಲ್ಲ ಹಾಡಿ ಹೊಗಳಿದ್ದೆವು.

ಭಾವ ನಗಲು ನೋಡಿದರು. ಅಕ್ಕ ನಗಲಿಲ್ಲ. ಅಷ್ಟು ಜನರ ಎದುರು ಅವಳು ಗಂಡನಿಗೆ ಜೋರು ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ನಿಮಗ ಬೀಗ್ರ ಮುಂದ ಮರ್ಯಾದಿ ಬೇಕು. ನನಗ ನೀವು ಬೇಕು. ಆ ದೇಶದಾಗ ಹಿಂಗ ಬಿದ್ರ ನಾ ಯಾರನ್ನ ಕೂಗ್ಲಿ, ಯಾವ ಭಾಷಿಯಾಗ ಕೂಗ್ಲಿ? ಏನೇನ್ ಐತೋ ಎಲ್ಲಾ ಹೇಳಿ ಪಾಲಿಸಿ ಮಾಡಸ್ರಿ. ಇಲ್ಲಾಂದ್ರ ನಾ ವಿಮಾನ ಹತ್ತಂಗಿಲ್ಲ."

ಹೇಳುತ್ತ ಹೇಳುತ್ತ ಅತ್ತಳು. ಇಷ್ಟು ದಿನ ಸ್ವೆಟರಿನ ಬಣ್ಣ ಆರಿಸುತ್ತಿದ್ದವಳ ಹೊಟ್ಟೆಯಲ್ಲಿ ಈ ಭಯ ಇತ್ತು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ.

ಬೀಗರು ತಲೆ ತಗ್ಗಿಸಿ, ಎಲ್ಲ ಸರಿಮಾಡಿಸುವುದಾಗಿ ಹೇಳಿದರು. ಆದರೆ ಈ ಸಣ್ಣ ಪಾಲಿಸಿಯಲ್ಲಿ ಹಳೇ ಕಾಯಿಲೆ ಹೇಳಿದರೆ ಅದಕ್ಕೆ ದುಡ್ಡು ಕೊಡುವುದಿಲ್ಲ, ಹೇಳದೆ ಸಿಕ್ಕಿಬಿದ್ದರೆ ಯಾವುದಕ್ಕೂ ಕೊಡುವುದಿಲ್ಲ ಅಂದರು. ಹಾಗಿದ್ದರೆ ಅಲ್ಲಿನ ಪ್ಲಾನಾದರೂ ಶುಗರ್ ಇದ್ದವರಿಗೆ ಸಿಗುತ್ತದೋ ಇಲ್ಲವೋ? ಊಟ ಮುಗಿದ ಮೇಲೆ (ಭಾವನ ಎಲೆಗೆ ಅರ್ಧ ಹೋಳಿಗೆ, ಬೀಗರ ಎಲೆಗೆ ಇನ್ನರ್ಧ) ಗಿರಿಜಾಗೆ ವಿಡಿಯೋ ಕಾಲ್ ಹಚ್ಚಿದೆವು. ಭಾವ ನೆಮ್ಮದಿಯಾಗಿ ಚಂಚಿ ಬಿಚ್ಚಿ ಎಲೆ, ತಂಬಾಕು ಹಾಕಿಕೊಂಡು ಕುಂತಿದ್ದರು.

ಗಿರಿಜಾ ಎಲ್ಲ ಕೇಳಿ ಮೊದಲು ಬೈದಳು, ಆಮೇಲೆ ನಕ್ಕಳು. ಅಲ್ಲಿನ ಪ್ಲಾನ್ ಕೊಡುವಾಗ ಶುಗರ್ ಇದೆಯಾ, ಹಾರ್ಟ್ ಹೇಗಿದೆ ಅಂತ ಕೇಳುವುದೇ ಇಲ್ಲವಂತೆ. ಹಳೇ ಕಾಯಿಲೆ ಅಂತ ಬೇಡ ಅನ್ನುವ ಹಾಗೂ ಇಲ್ಲವಂತೆ. ಪಡಸಾಲೆಗೆ ಪಡಸಾಲೆಯೇ ಉಸಿರು ಬಿಟ್ಟಿತು. ಇಷ್ಟು ವರ್ಷ ಹೋಳಿಗೆ ತಿಂದು ಕಾಪಾಡಿದ ಗುಟ್ಟು ಅಲ್ಲಿ ಯಾರಿಗೂ ಬೇಡವಾಗಿತ್ತು!

ಹಾಗಾದರೆ ಏನು ಕೇಳುತ್ತಾರೆ ಅಂತ ಬೀಗರು ವೃತ್ತಿ ಕುತೂಹಲದಿಂದ ವಿಚಾರಿಸಿದರು.

"ವಯಸ್ಸು, ಯಾವ ಊರು, ಆದಾಯ ಎಷ್ಟು. ಆಮೇಲೆ ತಂಬಾಕು ಹಾಕ್ತಾರೇನು ಅಂತ. ಹಾಕೋರಿಗೆ ಕಂತು ಜಾಸ್ತಿ ಆಗ್ತದ. ಅಣ್ಣ ಹೆಂಗೂ ಬಿಟ್ಟಾನಲ್ಲ. ಅಲ್ಲೇನಣ್ಣಾ?"

ಭಾವನ ಬಾಯಿ ತುಂಬಿತ್ತು. ಮಾತಾಡುವ ಹಾಗಿಲ್ಲ, ಉಗುಳುವ ಹಾಗೂ ಇಲ್ಲ. ತುಟಿ ಬಿಗಿದುಕೊಂಡು, ಕೈ ಮೇಲೆತ್ತಿ, ವಿರೂಪಾಕ್ಷನ ಆಣೆ ಅನ್ನುವಂತೆ ಹೌದೆಂದು ತಲೆ ಆಡಿಸಿದರು.

ಅಕ್ಕ ಅವರ ತೊಡೆಯ ಮೇಲಿದ್ದ ಚಂಚಿ ಎತ್ತಿ ಮೊಬೈಲಿನ ಮುಂದೆ ಹಿಡಿದು, "ಹಾಕ್ತಾರ ಅಂತ ಬರಿ ಗಿರಿಜವ್ವಾ," ಅಂದಳು.

ಬೀಗರ ಮುಂದೆ ಶುಗರ್ ಇಲ್ಲ, ತಂಗಿಯ ಮುಂದೆ ತಂಬಾಕು ಇಲ್ಲ. ಅಕ್ಕ ಒಬ್ಬಳು ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟು ಗಟ್ಟಿ ಮನುಷ್ಯನಿಗೆ ಇನ್ಶೂರೆನ್ಸಾದರೂ ಯಾಕೆ ಬೇಕಿತ್ತು, ಹೇಳಿ?