ಬಸವಂತಮ್ಮನ ಗಂಟೆಗೆ ಬೇರೆ ತಂತಿ

ಬೆಳಗ್ಗೆ ಇನ್ನೂ ಆರು ಹೊಡೆದಿಲ್ಲ. ಮಾನ್ವಿಯ ಅಕ್ಕಿ ಗಿರಣಿ ಮಾಲೀಕ ಶರಣಯ್ಯನವರ ಮನೆಯಲ್ಲಿ ಖಾಸಿಂ ಸಾಬ್ ಆಗಲೇ ಏಣಿ ಹತ್ತಿದ್ದಾರೆ. ಬಾಯಲ್ಲಿ ನಾಲ್ಕು ಮೊಳೆ, ಹೆಗಲ ಮೇಲೆ ತಂತಿಯ ಸುರುಳಿ. ಹೋದ ದೀಪಾವಳಿಗಷ್ಟೇ ಬಣ್ಣ ಕಂಡ ಗೋಡೆಗೆ ಸುತ್ತಿಗೆ ಬಿದ್ದಾಗಲೆಲ್ಲ ಕೆಳಗೆ ನಿಂತ ಶರಣಯ್ಯನವರು ಕಣ್ಣು ಮುಚ್ಚಿಕೊಳ್ಳುತ್ತಾರೆ.

೧೯೬೪ರಿಂದ, ಅಂದರೆ ಇಪ್ಪತ್ತೆರಡು ವರ್ಷಗಳಿಂದ, ಖಾಸಿಂ ಸಾಬ್ ಇಲ್ಲಿ ವೈರ್‌ಮನ್. ದಿನಕ್ಕೆ ಮೂರ್ನಾಲ್ಕು ಮನೆ; ಹಿರೇಕೊಟ್ನೆಕಲ್, ಚೀಕಲಪರ್ವಿಗೂ ಸೈಕಲ್ಲೇ ಗತಿ. ಶಾಕ್ ಹೊಡೆದು ಬಲಗೈ ಹೆಬ್ಬೆರಳಿನ ಸ್ಪರ್ಶ ಹೋಗಿ ಎಂಟು ವರ್ಷವಾಯಿತು. ಯಾವ ಗೋಡೆಯೊಳಗೆ ಯಾವ ತಂತಿ ಹೋಗಿದೆ ಎಂಬುದು ಮನೆಯವರಿಗಿಂತ ಇವರಿಗೇ ಚೆನ್ನಾಗಿ ಗೊತ್ತು. ಊರಿಗೆ ಇವರ ನೆನಪಾಗುವುದು ಕತ್ತಲಾದಾಗ ಮಾತ್ರ.

ಶರಣಯ್ಯನವರ ತಾಯಿ ಬಸವಂತಮ್ಮನಿಗೆ ಲಕ್ವಾ ಹೊಡೆದು ಎಡಗಡೆ ಸ್ವಾಧೀನವಿಲ್ಲ, ದನಿಯೂ ಸಣ್ಣದು. ಅಡುಗೆಮನೆ ಅಂಗಳದ ಆಚೆ. ದುಬೈಯಿಂದ ಬಂದ ಪರಿಚಯದವರೊಬ್ಬರು ಎರಡು ಡಬ್ಬಿ ತಂದುಕೊಟ್ಟರು. ಒಂದು ಮಂಚದ ಪಕ್ಕದ ಪ್ಲಗ್ಗಿಗೆ, ಇನ್ನೊಂದು ಅಡುಗೆಮನೆಯ ಪ್ಲಗ್ಗಿಗೆ. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಗಂಟೆ. ಕರೆ ಹೋಗುವುದು ಮನೆಯ ಕರೆಂಟಿನ ತಂತಿಯಲ್ಲೇ. ಹೊಸ ತಂತಿ ಬೇಡ, ಮೊಳೆಯೂ ಬೇಡ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಡಬ್ಬಿಯೂ ತಿಂಗಳೊಪ್ಪತ್ತು ಹಾಗೇ ದುಡಿಯಿತು.

ಆಮೇಲೆ ಬಂತು ನಮ್ಮ ಬೇಸಿಗೆ. ಮನೆಗೆ ಬರುವ ಮೂರು ಫೇಸಿನ ತಂತಿಗಳಲ್ಲಿ ಒಂದರಲ್ಲಿ ಕರೆಂಟ್ ಸೊರಗಿದರೆ ಇನ್ನೊಂದಕ್ಕೆ ಸ್ವಿಚ್ ತಿರುವುವುದು ನಮ್ಮ ಕಡೆ ಕೂಸಿಗೂ ಗೊತ್ತು. ಯಾರೋ ಬಸವಂತಮ್ಮನ ಮಂಚವಿರುವ ಮುಂಭಾಗದ ಕೋಣೆಗಳನ್ನು ಇನ್ನೊಂದು ಫೇಸಿಗೆ ತಿರುವಿದರು, ಫ್ಯಾನು ಜೋರಾಯಿತು. ಅಡುಗೆಮನೆ ಹಳೆಯ ಫೇಸಿನಲ್ಲೇ ಉಳಿಯಿತು. ಬಸವಂತಮ್ಮ ನೀರಿಗಾಗಿ ಗುಂಡಿ ಒತ್ತಿದರು, ಒತ್ತುತ್ತಲೇ ಇದ್ದರು. ಕರೆ ಒಂದು ಫೇಸಿನಲ್ಲಿ, ಗಂಟೆ ಇನ್ನೊಂದರಲ್ಲಿ; ಒಂದರಿಂದ ಇನ್ನೊಂದಕ್ಕೆ ಕರೆ ದಾಟುವುದಿಲ್ಲ. ಎದ್ದು ಹೋಗಲು ನೋಡಿ ಬಿದ್ದರು. ಸೊಸೆ ಮಹಾಂತಮ್ಮ ಬಂದು ನೋಡುವಷ್ಟರಲ್ಲಿ ನೆಲದ ಮೇಲೆ ಒಂದು ತಾಸು ಕಳೆದಿತ್ತು.

"ತಪ್ಪು ಡಬ್ಬಿದಲ್ರೀ, ನಂದು," ಎನ್ನುತ್ತಾರೆ ಖಾಸಿಂ ಸಾಬ್. "ಆ ಸ್ವಿಚ್ ಹಾಕಿದಾವ ನಾನ, ಡಬ್ಬಿ ಕೂಡಿಸಿದಾವನೂ ನಾನ. ಎರಡೂ ಕೂಡಿಸಿ ವಿಚಾರ ಮಾಡ್ಲಿಲ್ಲ."

ಶರಣಯ್ಯನವರಿಗೆ ಇನ್ನೂ ಗೋಡೆಯ ಚಿಂತೆ. "ಇನ್ನ ಮ್ಯಾಲೆ ಆ ಸ್ವಿಚ್ ಯಾರೂ ಮುಟ್ಟಂಗಿಲ್ಲ ಅಂದ್ರ ಆಗಂಗಿಲ್ಲೇನೊ ಖಾಸಿಂ?"

"ಬ್ಯಾಸಿಗ್ಯಾಗ ಫ್ಯಾನ್ ನಿಂತ್ರ ಯಾರು ಮುಟ್ಟದ ಇರ್ತಾರ್ರೀ ಸಾವ್ಕಾರ್ರ? ನೀವ ಮುಟ್ತೀರಿ."

ಶರಣಯ್ಯನವರು ಗೋಡೆಯಿಂದ ಉದುರಿದ ಪುಡಿಯನ್ನು ಕಾಲಿನಿಂದ ಒತ್ತಟ್ಟಿಗೆ ಸರಿಸುತ್ತಾರೆ. ಅಂದು ತಿರುವಿದ್ದು ಯಾರೆಂದು ನಾನೂ ಕೇಳಲಿಲ್ಲ.

ಈಗ ಮಂಚದಿಂದ ಅಡುಗೆಮನೆಯವರೆಗೆ ಮೂವತ್ತು ಗಜ ಬೇರೆಯೇ ತಂತಿ. ಗಂಟೆಗೆ ನಾಲ್ಕು ಟಾರ್ಚಿನ ಸೆಲ್ಲು. ಮನೆಯ ಕರೆಂಟಿಗೂ ಇದಕ್ಕೂ ಸಂಬಂಧವಿಲ್ಲ. "ಗ್ವಾಡಿಗೆ ಚಂದ ಕಾಣಂಗಿಲ್ಲ, ಖರೆ ಅದ. ತಿಂಗಳಿಗೊಮ್ಮಿ ಬಂದು ಸೆಲ್ಲು ನೋಡಿ ಹೋಗ್ತೀನಿ. ಯವ್ವ ಒತ್ತಿದ್ರ ಯಾರರ ಬರ್ಬೇಕ್ರೀ, ಅಷ್ಟ ನನ್ನಾಸಿ."

ಎಂಟೂವರೆಗೆ ಎಂದಿನಂತೆ ಕರೆಂಟ್ ಹೋಗುತ್ತದೆ. ಫ್ಯಾನು ನಿಲ್ಲುತ್ತದೆ. ಖಾಸಿಂ ಸಾಬ್ ಏಣಿ ಮಡಚುತ್ತಿರುವಾಗಲೇ ಅಡುಗೆಮನೆಯಲ್ಲಿ ಗಂಟೆ ಹೊಡೆಯುತ್ತದೆ. ಮಹಾಂತಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಾರೆ. "ಏನ್ ಬೇಕ್ರೀ ಅತ್ತಿ?"

ಬಸವಂತಮ್ಮ ತೊದಲುತ್ತಾರೆ: "ಖಾಸಿಮಗ ಚಾ ಕೊಟ್ಟೀಯೇನು?"

ಖಾಸಿಂ ಸಾಬ್ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡು ಬಾಗಿಲಿಗೆ ಬರುತ್ತಾರೆ.

"ಇನ್ನಾ ಕೊಟ್ಟಿಲ್ಲ ಯವ್ವಾ. ಇನ್ನೊಮ್ಮಿ ಒತ್ತು."