ಮರಿಗೆ ಅಂಗಿ ಹೆಣೆಯುವ ಸುರೇಬಾನದ ಕೃಷ್ಣವ್ವ

ಬೆಳಕು ಇನ್ನೂ ಪೂರಾ ಹರಿದಿಲ್ಲ. ಸುರೇಬಾನದಿಂದ ಹಳ್ಳಕ್ಕೆ ಇಳಿಯುವ ದಾರಿಯಲ್ಲಿ, ಜಾಲಿಮುಳ್ಳಿನ ಬೇಲಿ ಹಾಕಿದ ಕುರಿಹಟ್ಟಿಯೊಳಗೆ ಕೃಷ್ಣವ್ವ ಮಂಡಿಯೂರಿ ಕೂತಿದ್ದಾರೆ. ಬೋರಲು ಹಾಕಿದ ಒಂದೊಂದೇ ಬಿದಿರುಬುಟ್ಟಿ ಎತ್ತಿ, ಅಡಿಯ ಮರಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಅದರ ಬಾಯಿಯೊಳಗೆ ಬೆರಳಿಟ್ಟು ನೋಡುತ್ತಾರೆ. ಬಾಯಿ ಬೆಚ್ಚಗಿದ್ದರೆ ಮರಿ ತಾಯಿಯ ಹತ್ತಿರ ಹೋಗುತ್ತದೆ, ತಣ್ಣಗಿದ್ದರೆ ಒಲೆಯ ಹತ್ತಿರ. ಎಳೆಯ ಮರಿಗಳಿಗೆಲ್ಲ ಮೈಮೇಲೆ ಉಣ್ಣೆಯ ಅಂಗಿ. ಮುಂಗಾಲಿಗೆ ಎರಡು ತೂತು, ಹೊಟ್ಟೆಯ ಕೆಳಗೊಂದು ದಾರ. ಕೆಲವು ಹಳದಿ, ಕೆಲವು ಕಾವಿ, ಒಂದೆರಡು ಮಾಸಲು ಹಸಿರು.

ಬೇಲಿಯಾಚೆ ಕಾಲಸಪ್ಪಳ ಕೇಳಿದ್ದೇ ಅವರ ಕೈ ನಿಲ್ಲುತ್ತದೆ.

"ಯಾರ ಕಡಿಯವ್ರರಿ ನೀವು?"

ಪತ್ರಿಕೆಯಿಂದ ಬಂದವರು ಅಂದರೆ ಅವರಿಗೆ ಸಾಲದು. ಇಲ್ಲಿಗೆ ಕಳಿಸಿದವರು ಯಾರು, ಗಾಡಿ ಎಲ್ಲಿ ನಿಲ್ಲಿಸಿದಿರಿ, ಬರುವಾಗ ಯಾರ ಹತ್ತಿರ ದಾರಿ ಕೇಳಿದಿರಿ, ಎಲ್ಲವೂ ಬೇಕು. ಉತ್ತರ ಕೇಳಿಕೊಂಡು, ಮುಖವನ್ನೊಮ್ಮೆ ನೋಡಿ, ಕೊನೆಗೆ ಇನ್ನೊಂದು ಪ್ರಶ್ನೆ: "ಹಳ್ಳದ ನೀರಿನ ಸಲುವಾಗಿ ಬಂದಿಲ್ಲಲ್ಲ? ಹಂಗಾರ ಕುಂಡ್ರರಿ. ಆ ಭಗೋಣಿ ಮಾತ್ರ ಮುಟ್ಟಬ್ಯಾಡ್ರಿ."

ಮೂರು ಕಲ್ಲಿನ ಒಲೆಯ ಮೇಲೆ ಆ ದೊಡ್ಡ ಭಗೋಣಿ ಕುದಿಯುತ್ತಿದೆ. ಒಳಗೆ ಉಳ್ಳಾಗಡ್ಡಿ ಸಿಪ್ಪೆ, ಮೇಲೆ ಕೆಂಪು ನೊರೆ. ರಾಮದುರ್ಗದ ಸಂತೆಯಲ್ಲಿ ವ್ಯಾಪಾರಿಗಳು ಉದುರಿಸಿ ಬಿಡುವ ಸಿಪ್ಪೆಯನ್ನು ಚೀಲಕ್ಕೆ ತುಂಬಿ ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತಾರೆ ಕೃಷ್ಣವ್ವ. ಸಿಪ್ಪೆ ಸೋಸಿ, ಆ ನೀರಿಗೆ ತುರಟಿ ಹಾಕಿ ಉಣ್ಣೆಯ ಎಳೆ ಅದ್ದಿದರೆ ಚಿನ್ನದಂಥ ಹಳದಿ. ತುರಟಿ ಎಂದರೆ ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕ, ಬಣ್ಣ ಬಿಡದಂತೆ ಹಿಡಿಯುವುದು ಅದೇ. ಜಾಲಿಯ ತೊಗಟೆಗೆ ಕಾವಿ ಬಣ್ಣ ಬರುತ್ತದೆ. ದಾಳಿಂಬೆ ಸಿಪ್ಪೆಯ ಜೊತೆ ತುಕ್ಕು ಹಿಡಿದ ಕುಡುಗೋಲಿನ ಚೂರು ಕುದಿಸಿದರೆ ಮಾಸಲು ಹಸಿರು.

ಮರಿಗೆ ಬಣ್ಣದ ಅಂಗಿ ಯಾಕೆ, ಬಿಳಿಯದು ಸಾಲದೇ ಎಂದರೆ ಕೃಷ್ಣವ್ವ ನಗುವುದಿಲ್ಲ. "ಚಂದಕ್ಕ ಅಂತ ಮಾಡಿಲ್ರಿ. ಹಳದಿ ಹಾಕಿದ್ದು ಅಶಕ್ತ ಮರಿ, ಅದಕ್ಕ ಬಾಟ್ಲಿ ಹಾಲು. ಕಾವಿ ಅಂದ್ರ ಅವಳಿಜವಳಿ. ಹಸಿರಂದ್ರ ತಾಯಿ ಒದ್ದು ದೂರ ಮಾಡಿದ್ದು. ಮಬ್ಬಿನ್ಯಾಗ ಬಂದ್ರೂ ಯಾವ ಮರಿಗೆ ಏನ್ ಬೇಕು ಅಂತ ನಮ್ಮನಿಯವ್ರಿಗೆ ತಿಳೀತದ. ಇಲ್ಲಂದ್ರ ನಾ ಬಾಜೂಕ ನಿಂತು ಒದರಬೇಕು."

ಮನೆಯವರು ದುರ್ಗಪ್ಪ. ತಾಯಿಕುರಿಗಳನ್ನು ಕೊಯ್ಲಾದ ಜೋಳದ ಹೊಲಗಳ ಕಡೆಗೆ ಹೊಡೆದುಕೊಂಡು ಹೋದರೆ ಅವರು ತಿರುಗಿ ಬರುವುದು ಹೊತ್ತು ಮುಳುಗಿದ ಮೇಲೆ. ಅಲ್ಲಿಯತನಕ ಮರಿಗಳು, ಒಲೆ, ಬಣ್ಣ, ಹೆಣಿಗೆ ಎಲ್ಲ ಕೃಷ್ಣವ್ವನವರದೇ.

ಅವರ ತವರು ನೇಸರಗಿ. ಹುಡುಗಿಯಾಗಿದ್ದಾಗ ಬೈಲಹೊಂಗಲದ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸ. ಅಲ್ಲೊಬ್ಬ ನರ್ಸಬಾಯಿ ಹೆರಿಗೆಯ ಹೊತ್ತು ಕಾಯುತ್ತ ಕೂಸುಗಳಿಗೆ ಟೊಪ್ಪಿಗೆ ಹೆಣೆಯುತ್ತಿದ್ದಳಂತೆ. ಕೃಷ್ಣವ್ವ ಕಸಬರಿಗೆ ಹಿಡಿದು ಅಲ್ಲಲ್ಲೇ ಸುಳಿಯುತ್ತಿದ್ದರು. "ಏನ್ ಕದಿಯಾಕ ಬಂದಿ ಅಂತ ಕೇಳಿದ್ಲರಿ ಒಂದಿನ. ಕೈಗೆಲಸ ಅಂದೆ. ನಕ್ಕು, ಕುಂದ್ರು ಅಂದ್ಲು." ಸೂಜಿ ಕೊಳ್ಳುವ ಶಕ್ತಿ ಇರಲಿಲ್ಲ, ಸೈಕಲ್ ಚಕ್ರದ ಕಡ್ಡಿಗಳನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿಕೊಂಡರು. ಈಗ ಮಗಳು ಅಂಗಡಿಯ ಸೂಜಿ ತಂದುಕೊಟ್ಟಿದ್ದಾಳೆ. ಅವು ಪೆಟ್ಟಿಗೆಯಲ್ಲೇ ಇವೆ.

ನಮ್ಮ ಕಡೆಯ ಕುರಿಯ ಉಣ್ಣೆ ಒರಟು. ಕಂಬಳಿಗೆ ಸರಿ, ಮೈಗೆ ಚುಚ್ಚುತ್ತದೆ. ಆದರೆ ಮರಿಗೆ ಮೊದಲ ಸಲ ಕತ್ತರಿ ಹಾಕಿದಾಗ ಬರುವ ಉಣ್ಣೆ ಮೆತ್ತಗೆ. ಅದನ್ನು ಬೇರೆ ಎತ್ತಿಟ್ಟು, ಹಿಂಜಿ, ಪಕ್ಕದ ಓಣಿಯ ಇಂದ್ರವ್ವನ ಕೈಯಲ್ಲಿ ನೂಲಿಸಿ, ಕೂಸುಗಳಿಗೆ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೆಣೆಯುತ್ತಾರೆ. ಒರಟು ಉಣ್ಣೆ ಮರಿಗಳ ಅಂಗಿಗೆ. ಸುತ್ತಲ ಹಳ್ಳಿಯ ಬಾಣಂತಿಯರ ಮನೆಯಿಂದ ಕುಂಚಿಗೆಗೆ ಮೊದಲೇ ಹೇಳಿ ಹೋಗುತ್ತಿದ್ದರು. ಎರಡು ವರ್ಷದ ಹಿಂದಿನ ಮಾಗಿಯತನಕ.

ಆ ಮಾಗಿಯಲ್ಲಿ ಮಡಿವಾಳೆಪ್ಪನವರ ಮರಿಗಳು ಸಾಯತೊಡಗಿದವು.

ಮಡಿವಾಳೆಪ್ಪನವರದು ಹಳ್ಳದ ಕೆಳಗಿನ ಹೊಲ. ಕಬ್ಬು, ಜೋಳ ಬೆಳೆಯುವ ದೊಡ್ಡ ಒಕ್ಕಲು. ಕುರಿಸಾಕಣೆಗೆ ಹೊಸದಾಗಿ ಕೈಹಾಕಿದ್ದರು. ತಗಡಿನ ಮಾಡು, ಸಿಮೆಂಟಿನ ನೆಲದ ಉದ್ದನೆಯ ಶೆಡ್ಡು ಕಟ್ಟಿಸಿ, ಸವದತ್ತಿಯಿಂದ ಬೀಗರನ್ನು ಕರೆಸಿ ತೋರಿಸಿದ್ದರು. ಅಂಥ ಶೆಡ್ಡಿನಲ್ಲಿ ದಿನಾ ಬೆಳಗಾದರೆ ಒಂದು ಮರಿ ಸೆಟೆದು ಬಿದ್ದಿರುತ್ತಿತ್ತು. ಅವರ ಕುರಿಗಳು ನೀರು ಕುಡಿಯುವ ಮಡು ಕೃಷ್ಣವ್ವ ಬಣ್ಣ ಹಾಕಿದ ಉಣ್ಣೆ ತೊಳೆಯುವ ಜಾಗಕ್ಕಿಂತ ಕೆಳಗೆ. ಒಂದು ದಿನ ಆ ಮಡುವಿನ ಅಂಚಿನಲ್ಲಿ ಕಾವಿ ಬಣ್ಣದ ನೀರು ನಿಂತದ್ದನ್ನು ಯಾರೋ ಕಂಡರು. ಮರಿ ಸಾಯುವುದು ಕೃಷ್ಣವ್ವನ ಬಣ್ಣದಿಂದಲೇ ಎಂಬ ಮಾತು ಹುಟ್ಟಲು ಅಷ್ಟು ಸಾಕಾಯಿತು.

"ಮಾರಿ ಮುಂದ ಯಾರೂ ಏನೂ ಅನ್ಲಿಲ್ಲರಿ," ಎನ್ನುತ್ತಾರೆ ಕೃಷ್ಣವ್ವ. "ಬೈದಿದ್ರ ತಿರುಗಿ ಬೈಬಹುದಿತ್ತು. ನಾ ಹೋದ್ರ ಮಾತು ನಿಲ್ಲತಿದ್ವು. ಬಂದ ದಾರೀಲೆ ಕುರಿ ತಿರುವಿಕೊಂಡು ಹೋಗತಿದ್ರು."

ಮೊದಲು ನಿಂತದ್ದು ಕುಂಚಿಗೆ. ಆ ಬಣ್ಣದೊಳಗೆ ಏನೋ ಐತಿ, ಕೂಸಿನ ತಲೆಗೆ ಹಾಕಬ್ಯಾಡ್ರಿ ಎಂದು ಮಾತು ಹರಡಿತು. ಕಟ್ಟಿಕೊಂಡು ಹೋಗಿದ್ದ ಕುಂಚಿಗೆಗಳು ಒಂದೊಂದಾಗಿ ಬಂದು ಬೇಲಿಯ ಮೇಲೆ ಬಿದ್ದವು. ಕೊಟ್ಟವರು ಯಾರೆಂದು ಗೊತ್ತಾಗದಂತೆ, ನಸುಕಿನಲ್ಲೇ.

ಒಂದು ಬೆಳಗ್ಗೆ ಕೃಷ್ಣವ್ವ ತಮ್ಮದೇ ಒಂದು ಮರಿಯನ್ನು ಎತ್ತಿಕೊಂಡು ಮಡುವಿಗೆ ಹೋದರು. ನೀರಿಗೆ ಬಂದವರೆಲ್ಲ ನೋಡುತ್ತಿರುವಾಗ ಉಣ್ಣೆ ತೊಳೆದ ನೀರನ್ನೇ ಅದಕ್ಕೆ ಕುಡಿಸಿದರು. ಮರಿ ಕುಡಿಯಿತು, ಕುಣಿಯಿತು, ಮರುದಿನವೂ ಕುಣಿಯಿತು. ಊರಲ್ಲಿ ಹುಟ್ಟಿದ ಮಾತು ಬೇರೆ: ಮನೆಯಲ್ಲಿ ಮೊದಲೇ ಮದ್ದು ಕುಡಿಸಿ ತಂದಾಳ.

ಅವತ್ತಿನಿಂದ ಅವರಿಗೂ ಯಾರ ಮೇಲೂ ನಂಬಿಕೆ ಉಳಿಯಲಿಲ್ಲ. ಯಾವ ದಿನ ಯಾವ ಬಣ್ಣ ಕುದಿಯುತ್ತದೆಂದು ಗೊತ್ತಿದ್ದದ್ದು ಇಂದ್ರವ್ವನಿಗೊಬ್ಬಳಿಗೆ. ಆಕೆ ಆ ವಾರ ನೂಲು ತರಲಿಲ್ಲ. ಮುಂದಿನ ವಾರವೂ ತರಲಿಲ್ಲ. ಚಾಡಿ ಹೇಳಿದವಳು ಇವಳೇ ಎಂದು ಕೃಷ್ಣವ್ವ ಮನಸ್ಸಿನಲ್ಲಿ ತೀರ್ಮಾನ ಮಾಡಿಬಿಟ್ಟರು. ದುರ್ಗಪ್ಪ ಒಂದು ಸಂಜೆ, "ಬಣ್ಣ ಬಿಡ ಇನ್ನ, ನಮಗ್ಯಾಕ ಬೇಕು," ಅಂದಾಗ, ಇವರಿಗೂ ಸಂಶಯ ಬಂದಿದೆಯೇನೋ ಎಂದು ಗಂಡನ ಮುಖ ನೋಡಿದರು. ಒಮ್ಮೆ ಭಗೋಣಿಯ ನೀರಿನಲ್ಲಿ ಬೆರಳದ್ದಿ ತಾವೇ ನಾಲಿಗೆಗೆ ಹಚ್ಚಿಕೊಂಡದ್ದೂ ಉಂಟು.

"ಮಂದಿ ಅಂದಿದ್ದಕ್ಕ ಸಂಕಟ ಆಗಲಿಲ್ಲರಿ. ಖರೇನ ನನ್ನ ಬಣ್ಣದಾಗ ಏನರ ಐತೇನು ಅಂತ ನನಗ ಅನಿಸಾಕತ್ತು ನೋಡ್ರಿ, ಅದಕ್ಕ ನಿದ್ದಿ ಹತ್ತಲಿಲ್ಲ." ಆ ವಾರವೇ ಭಗೋಣಿಯನ್ನು ಮಗುಚಿ ಇಟ್ಟರು, ಮರಿಗಳಿಗೂ ಬಣ್ಣವಿಲ್ಲದ ಬಿಳಿ ಅಂಗಿಯನ್ನೇ ಹೆಣೆದು ಹಾಕಿದರು.

ಹೀಗಿರುವಾಗ ಒಂದು ನಸುಕಿನಲ್ಲಿ ಬೇಲಿಯ ಬಾಗಿಲಲ್ಲಿ ಚನ್ನವ್ವ ನಿಂತಿದ್ದರು. ಚನ್ನವ್ವ ಮಡಿವಾಳೆಪ್ಪನವರ ಹೆಂಡತಿ. ಆ ಮನೆಯವರು ಈ ಬೇಲಿ ದಾಟಿ ಬಂದದ್ದು ಅದುವರೆಗೆ ಇರಲಿಲ್ಲ. ಸೆರಗಿನಡಿಯಲ್ಲಿ ಏನನ್ನೋ ಮುಚ್ಚಿಕೊಂಡಿದ್ದರು. ಸತ್ತ ಮರಿ ತಂದಿದ್ದಾಳೆ, ಬಾಗಿಲಲ್ಲಿ ಒಗೆದು ಊರು ಕೂಡಿಸುತ್ತಾಳೆ ಎಂದುಕೊಂಡ ಕೃಷ್ಣವ್ವ ಎದ್ದು ದಾರಿಗೆ ಅಡ್ಡ ನಿಂತರು.

"ಜೀವ ಐತಿ ಇನ್ನ," ಅಂದರು ಚನ್ನವ್ವ. "ನಿನ್ನವು ಒಂದೂ ಸಾಯವಲ್ವು. ಏನರ ಮಾಡ."

ಕೃಷ್ಣವ್ವ ಕೈ ಚಾಚಲಿಲ್ಲ. "ಅಲ್ರೀ ಅವ್ವಾರ, ನನ್ನ ಕೈಯಾಗ ಸತ್ತ್ರ?"

ಚನ್ನವ್ವ ಸೆರಗು ಸರಿಸಿ ಮರಿಯನ್ನು ಮುಂದೆ ಚಾಚಿದರು. ಮರಿಯ ತಲೆ ಅವರ ತೋಳಿನಿಂದಾಚೆ ಜೋತುಬಿದ್ದಿತ್ತು. ಕೃಷ್ಣವ್ವನ ಬೆರಳು ತನ್ನಷ್ಟಕ್ಕೆ ತಾನೇ ಅದರ ಬಾಯಿಗೆ ಹೋಯಿತು. ಒಳಗೆ ಕೊಡದ ನೀರಿನಷ್ಟು ತಣ್ಣಗೆ.

"ಒಳಗ ಬರ್ರಿ. ಆದ್ರ ಇದು ಕಣ್ಣು ತೆಗಿಯೂತನಾ ನೀವು ಇಲ್ಲೇ ಕುಂಡ್ರಬೇಕು. ನಾ ಏನ್ ಮಾಡತೇನಿ, ಎಲ್ಲಾ ನಿಮ್ಮ ಕಣ್ಣಾರೆ ನೋಡಬೇಕು."

ಒಲೆಯ ಬೂದಿ ಕೆದಕಿ ಕೆಂಡ ಮುಂದಕ್ಕೆಳೆದರು. ಒಣ ಬಟ್ಟೆಯಿಂದ ಮರಿಯ ಮೈ ತಿಕ್ಕತೊಡಗಿದರು. ಅಂಗಿಗಾಗಿ ಹಗ್ಗದ ಕಡೆ ಕೈ ಹೋದಾಗ ಅಲ್ಲಿದ್ದದ್ದು ಒಂದೇ, ಹಳದಿಯದು.

"ಆ ಬಣ್ಣದ್ದು ಬ್ಯಾಡ," ಅಂದರು ಚನ್ನವ್ವ, ಥಟ್ಟನೆ.

"ಬಿಳೇದು ಎಲ್ಲಾ ಮರಿಗಳ ಮೈಮ್ಯಾಲೆ ಅದಾವ್ರಿ. ಇದ ಇರೂದು. ಹಾಕಲೋ ಬ್ಯಾಡೋ?"

ಮರಿ ಒಮ್ಮೆ ಕೆಮ್ಮಿತು. ಚನ್ನವ್ವ ಮುಖ ಆಚೆ ತಿರುಗಿಸಿ, "ಹಾಕ," ಅಂದರು.

ಅಂಗಿ ತೊಡಿಸಿ, ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೃಷ್ಣವ್ವ ಕೇಳತೊಡಗಿದರು. ಮೇವು ಏನು, ಹಾಲು ಎಷ್ಟು, ಮಲಗುವುದೆಲ್ಲಿ. ಹೊಸ ಶೆಡ್ಡಿನಲ್ಲಿ, ಬರಿ ಸಿಮೆಂಟಿನ ಮೇಲೆ. ದಿನಾ ನೀರು ಹೊಡೆದು ತೊಳೆಯುತ್ತಾರೆ. ಹಳ್ಳಕ್ಕೆ ಕುರಿ ಬಿಡುವುದನ್ನು ನಿಲ್ಲಿಸಿ ಎಷ್ಟು ದಿನವಾಯಿತು? ಎಂಟು ದಿನವಾಯಿತು. ಆಮೇಲೂ ಸತ್ತವೇ? ಸತ್ತವು.

"ಡಾಕ್ಟರು ಏನಂದ್ರು?"

ಚನ್ನವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಂಡರು. "ಥಂಡಿ ಅಂದ್ರು. ನೆಲಾ ತಣ್ಣಗ ಐತಿ, ಎದಿಯಾಗ ಕಫ ಕಟ್ಟೇತಿ ಅಂದ್ರು."

"ಯಾವಾಗ ಅಂದ್ರು?"

"ಮೊದಲನೇ ಮರಿ ಸತ್ತಾಗ."

ಅಂದರೆ ಊರಲ್ಲಿ ಬಣ್ಣದ ಮಾತು ಹುಟ್ಟುವುದಕ್ಕೂ ಮೊದಲು. ಬೀಗರಿಗೆ ತೋರಿಸಿದ ಶೆಡ್ಡನ್ನು ತಪ್ಪು ಎನ್ನಲು ಮಡಿವಾಳೆಪ್ಪನವರಿಗೆ ಬಾಯಿ ಬಂದಿರಲಿಲ್ಲ. ಹಳ್ಳದ ಕಡೆಯಿಂದ ಮಾತು ಎದ್ದಾಗ ಅವರು ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ.

ಆ ಹೊತ್ತಿನಲ್ಲಿ ಮರಿಯನ್ನು ತಿರುಗಿ ಅವರ ಕೈಗೆ ಕೊಟ್ಟು ಹೋಗಿರಿ ಅನ್ನಬೇಕೆನಿಸಿತು ಎಂದು ಕೃಷ್ಣವ್ವ ಮುಚ್ಚಿಡದೆ ಹೇಳುತ್ತಾರೆ. "ಆದ್ರ ಅದು ನನ್ನ ಬೆರಳು ಚೀಪಾಕತ್ತಿತ್ರಿ. ಏನ್ ಮಾಡೂದು?" ತಮ್ಮ ಕುರಿಯೊಂದರ ಹಾಲು ಕರೆದು, ಬೆಚ್ಚಗೆ ಮಾಡಿ, ಹನಿಹನಿಯಾಗಿ ಕುಡಿಸಿದರು. ನಡುವೆ ತಮಗೊಂದು ಲೋಟ ಚಹಾ ಮಾಡಿಕೊಂಡರು. ಚನ್ನವ್ವನಿಗೆ ಕೊಡಲಿಲ್ಲ. ಕೊಟ್ಟರೂ ಕುಡಿಯುವವರಲ್ಲ ಎಂಬ ಎಣಿಕೆ.

"ನನಗ ಹಾಕೂದಿಲ್ಲೇನ?" ಅಂದರು ಚನ್ನವ್ವ.

ಬಿಸಿಲೇರುವ ಹೊತ್ತಿಗೆ ಮರಿ ನಿಂತಿತು. ಕಾಲು ನಡುಗುತ್ತಿತ್ತು, ಬಿತ್ತು, ಮತ್ತೆ ನಿಂತಿತು. ಚನ್ನವ್ವ ಅದನ್ನು ಈ ಸಲ ಸೆರಗಿನಡಿ ಮುಚ್ಚಿಕೊಳ್ಳದೆ, ಹಳದಿ ಅಂಗಿ ಕಾಣುವಂತೆಯೇ ಎತ್ತಿಕೊಂಡು ಊರ ನಡುವಿನ ದಾರಿಯಿಂದ ಮನೆಗೆ ಹೋದರು. ಸಂಜೆಯೊಳಗೆ ಶೆಡ್ಡಿನ ನೆಲಕ್ಕೆ ಜೋಳದ ದಂಟು, ಹೊಟ್ಟು ಬಿತ್ತು. ಗಾಳಿ ಬರುವ ಕಡೆಗೆ ಗೋಣಿತಟ್ಟು ಕಟ್ಟಿದರು. ವಾರದ ಮೇಲೆ ಚನ್ನವ್ವ ಮತ್ತೆ ಬಂದರು. ಉಳಿದ ಮರಿಗಳಿಗೆಲ್ಲ ಅಂಗಿ ಬೇಕಿತ್ತು, ಮೊಮ್ಮಗಳಿಗೊಂದು ಕುಂಚಿಗೆ. "ಬಣ್ಣದ್ದ ಮಾಡ," ಎಂದು ಹೇಳಿ ಹೋದರು. ಮಗುಚಿಟ್ಟ ಭಗೋಣಿ ಒಲೆ ಹತ್ತಿತು. ಕಾವಿ ಕುಂಚಿಗೆಯ ಆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಚನ್ನವ್ವ ಸಂತೆಯನ್ನೆಲ್ಲ ತಿರುಗಿದರಂತೆ. ಬಾಣಂತಿಯರ ಮನೆಯವರು ಒಬ್ಬೊಬ್ಬರಾಗಿ ಮತ್ತೆ ಬೇಲಿಯ ಹತ್ತಿರ ಬರತೊಡಗಿದರು.

ಇಂದ್ರವ್ವನ ವಿಷಯ ತಿಳಿದದ್ದು ಎಲ್ಲಕ್ಕಿಂತ ತಡವಾಗಿ. ಹಿಟ್ಟಿನ ಗಿರಣಿಯಲ್ಲಿ ಕೃಷ್ಣವ್ವನ ಪರವಾಗಿ ಮಾತಿಗೆ ಮಾತು ಬೆಳೆಸಿ ಜಗಳಾಡಿದ್ದಳಂತೆ. ಅವತ್ತಿನಿಂದ ಮನೆಯವರು ಅವಳನ್ನು ಹಳ್ಳದ ಕಡೆ ಬಿಡುತ್ತಿರಲಿಲ್ಲ. ಕೃಷ್ಣವ್ವ ತಾವೇ ಅವಳ ಮನೆಗೆ ಹೋಗಿ ಹಿಂಜಿದ ಉಣ್ಣೆಯನ್ನು ಮುಂದಿಟ್ಟು ಕೂತರು. ಇಂದ್ರವ್ವ ಏನೂ ಕೇಳದೆ ನೂಲತೊಡಗಿದಳು. "ನಾ ಆಕಿ ಮ್ಯಾಲೆ ಸಂಶೆ ತಗೊಂಡಿದ್ದೆ ಅಂತ ಆಕಿಗೆ ಇನ್ನೂ ಗೊತ್ತಿಲ್ಲರಿ," ಎಂದವರು, ಉಣ್ಣೆಯ ಎಳೆ ಎಳೆದುಕೊಂಡು, "ಗೊತ್ತಿದ್ದರೂ ಇದ್ದೀತು," ಎನ್ನುತ್ತಾರೆ.

ಈಗ ಅವರು ಉಣ್ಣೆ ತೊಳೆಯಲು ಹಳ್ಳಕ್ಕೆ ಇಳಿಯುವುದಿಲ್ಲ. ಬಣ್ಣದ ನೀರು ಹಟ್ಟಿಯ ಹಿಂದಿನ ಗುಂಡಿಗೆ ಹೋಗುತ್ತದೆ. ತಲೆಯ ಮೇಲೆ ನೀರು ಹೊತ್ತು ತರಬೇಕು, ಕತ್ತು ನೋಯುತ್ತದೆ. ಆದರೂ ಯಾರ ಬಾಯಿಗೂ ಸಿಗುವುದು ಬೇಡ. ಗುರುತಿಲ್ಲದವರು ಬೇಲಿಯ ಹತ್ತಿರ ನಿಂತರೆ ಕೈಯ ಕಡ್ಡಿ ಈಗಲೂ ನಿಲ್ಲುತ್ತದೆ.

ಮಡಿವಾಳೆಪ್ಪನವರು ಕೃಷ್ಣವ್ವನ ಎದುರು ಇದುವರೆಗೆ ಏನೂ ಅಂದಿಲ್ಲ. ಮರಿ ಉಳಿದದ್ದಕ್ಕೆ ಕಾರಣ ಕೇಳಿದವರಿಗೆ, ಈ ಸಲ ಥಂಡಿಯೇ ಕಡಿಮೆ ಎನ್ನುತ್ತಾರೆ. ಅದನ್ನು ಹೇಳುವಾಗ ಅವರ ಶೆಡ್ಡಿನ ತುಂಬ ಹಳದಿ, ಕಾವಿ ಅಂಗಿಗಳು ಓಡಾಡುತ್ತಿರುತ್ತವೆ.

ಇದಕ್ಕೆ ಬೇಸರವಿಲ್ಲವೇ ಎಂದರೆ ಕೃಷ್ಣವ್ವ ಹೆಣಿಗೆಯಿಂದ ತಲೆ ಎತ್ತುವುದಿಲ್ಲ. ಸಾಲು ಮುಗಿಸಿ, ಕಡ್ಡಿ ತಿರುವಿ, ಹೊಸ ಸಾಲು ಹಿಡಿದ ಮೇಲೆ ಉತ್ತರ ಬರುತ್ತದೆ.

"ಅವ್ರು ಏನರ ಅನ್ಲಿ ಬಿಡ್ರಿ. ಈ ಮಾಗ್ಯಾಗ ನಮ್ಮವು ಒಂದೂ ಹೋಗಿಲ್ಲ. ಅವ್ರವೂ ಒಂದೂ ಹೋಗಿಲ್ಲ."