ದೇವರ ಮನೆಯಲ್ಲೊಂದು ಜಪಾನಿ ಚೀಟಿ

ದೇವಸ್ಥಾನದಲ್ಲಿ ಕೈಗೆ ಕೊಟ್ಟದ್ದನ್ನು ಅಲ್ಲೇ ಬಿಟ್ಟು ಬರುವುದು ನನ್ನಿಂದಾಗದ ಕೆಲಸ. ಬಾಡಿದ ತುಳಸಿ ಎಸಳಾದರೂ ಸರಿ, ಜೇಬಿನಲ್ಲಿಟ್ಟು ಮನೆಗೆ ತರಬೇಕು. ಈ ಅಭ್ಯಾಸ ನನಗೆ ಜಪಾನಿನಲ್ಲಿ ಕೈಕೊಟ್ಟಿತು.

ಅದು ರಿಸೆಷನ್ನಿನ ಕಾಲ. ಮಿಷಿಗನ್ನಿನ ರಾಚೆಸ್ಟರ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ನಮ್ಮ ಆಫೀಸಿನಲ್ಲಿ ಶುಕ್ರವಾರ ಬಂತೆಂದರೆ ಒಂದೆರಡು ಕುರ್ಚಿ ಖಾಲಿಯಾಗುತ್ತಿದ್ದವು. ಅಂಥದ್ದರಲ್ಲಿ ನನ್ನನ್ನು ಎರಡು ವಾರ ಜಪಾನಿನ ಕಾರ್ಖಾನೆಗೆ ಕಳಿಸಿದರು. ನನ್ನ ಕೆಲಸಕ್ಕೇನೂ ಆಗುವುದಿಲ್ಲ ಎಂದು ಆಫೀಸಿನವರು ಅಂದರು; ಅದನ್ನೇ ಹೆಂಡತಿ ಸುಮಾಗೆ ಹೇಳಿ ಹೊರಟೆ. ನನಗೇ ಅದರಲ್ಲಿ ನಂಬಿಕೆಯಿರಲಿಲ್ಲ.

ಅಲ್ಲೊಂದು ಭಾನುವಾರ ಬಹಳ ಹಳೆಯ, ಶಿಂಟೋ ಧರ್ಮದ ದೇವಸ್ಥಾನಕ್ಕೆ ಹೋದೆ. ಅಂದು ಅವರ ಹಬ್ಬ; ದೇವರ ಪಲ್ಲಕ್ಕಿ ಹೊತ್ತವರು ಅದನ್ನು ಬೇಕೆಂದೇ ಕುಲುಕುತ್ತಿದ್ದರು. ಬಾಗಿಲ ಬಳಿ ಕಲ್ಲಿನ ತೊಟ್ಟಿ, ಮರದ ಸೌಟು. ಬಾಯಿ ಮುಕ್ಕಳಿಸಿ ಉಗುಳಬೇಕಾದ ನೀರನ್ನು ನಾನು ತೀರ್ಥವೆಂದು ಮೂರು ಸಲ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡೆ. ಪಕ್ಕದಲ್ಲಿದ್ದ ಅಜ್ಜಿ ಗಾಬರಿಯಿಂದ ದಾರಿ ಬಿಟ್ಟರು. ಒಳಗೆ ಜಪಾನಿ ಲಿಪಿಯಲ್ಲಿ ಭವಿಷ್ಯ ಬರೆದ ಚೀಟಿ ಕೊಟ್ಟರು. ಓದಲು ಬಾರದ್ದೆಲ್ಲ ಮಂತ್ರವೆಂಬುದು ನನ್ನ ಹಳೆಯ ನಂಬಿಕೆ; ನನ್ನ ಸಂಸ್ಕೃತವೂ ಹಾಗೆಯೇ ಬಂದದ್ದು. ಕೆಲವರು ತಮ್ಮ ಚೀಟಿಯನ್ನು ಅಲ್ಲಿದ್ದ ಹಗ್ಗಕ್ಕೆ ಕಟ್ಟಿ ಹೋಗುತ್ತಿದ್ದರು. ಪ್ರಸಾದದ ಬೆಲೆ ತಿಳಿಯದವರೆಂದು ಮರುಗಿ, ನನ್ನದನ್ನು ಜೋಪಾನವಾಗಿ ಮಿಷಿಗನ್ನಿಗೆ ತಂದೆ.

ಸುಮಾ ಅದನ್ನು ಗಣಪತಿಯ ಪಕ್ಕದಲ್ಲಿಟ್ಟು ದಿನವೂ ಕುಂಕುಮ, ಹೂವು ಏರಿಸಿದಳು. ನಾಲ್ಕು ತಿಂಗಳ ಮೇಲೆ ನಮ್ಮ ಆಫೀಸಿನ ಜಪಾನಿ ಸಹೋದ್ಯೋಗಿ ಸಾಟೋ ಊಟಕ್ಕೆ ಬಂದರು. ದೇವರ ಮನೆಯಲ್ಲಿ ಚೀಟಿ ಓದಿ ಅವರ ಮುಖ ಸಣ್ಣದಾಯಿತು. ಹಿಡಿದ ಕೆಲಸ ಕೈಬಿಡುತ್ತದೆ ಎಂದು ಅದರಲ್ಲಿ ಬರೆದಿದೆಯಂತೆ. ಕೆಟ್ಟ ಚೀಟಿಯನ್ನು ಅಲ್ಲೇ ಕಟ್ಟಿ ಬರಬೇಕಂತೆ. ಈಗಲಾದರೂ ಹಿತ್ತಲಿನ ಮೇಪಲ್ ಮರಕ್ಕೆ ಕಟ್ಟಬಹುದೇನೋ ಎಂದು ಮೆಲ್ಲಗೆ ಸೂಚಿಸಿದರು. ಸುಮಾ ಅವರಿಗೆ ಇನ್ನಷ್ಟು ಬಿಸಿಬೇಳೆ ಭಾತ್ ಬಡಿಸಿದಳು.

ಮುಂದಿನ ಶುಕ್ರವಾರ ಖಾಲಿಯಾದದ್ದು ನನ್ನ ಕುರ್ಚಿ. ಸಾಮಾನಿನ ಪೆಟ್ಟಿಗೆ ಹಿಡಿದು ಮನೆಗೆ ಬಂದರೆ ಚೀಟಿಯ ಮೇಲೆ ಹೊಸ ಹೂವು. ನನಗೆ ಸಿಟ್ಟು ಬಂತು.

"ಇನ್ನೂ ಯಾಕೆ ಅದಕ್ಕೆ ಹೂವು?" ಎಂದೆ.

"ಆಫೀಸ್‌ನೋರು ಏನೂ ಆಗಲ್ಲ ಅಂದ್ರು, ನೀವೂ ಏನೂ ಆಗಲ್ಲ ಅಂದ್ರಿ," ಎಂದಳು ಸುಮಾ, ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಳ್ಳುತ್ತ. "ಈ ಮನೇಲಿ ನಿಜ ಹೇಳಿದ್ದು ಅದೊಂದೇ."

ಸೌತ್‌ಫೀಲ್ಡ್‌ನಲ್ಲಿ ಬೇರೆ ಕೆಲಸ ಸಿಗಲು ಎಂಟು ತಿಂಗಳು ಹಿಡಿಯಿತು. ಅಷ್ಟು ದಿನವೂ ಇಂಟರ್‌ವ್ಯೂ ಮುಗಿಸಿ ಬಂದು, ಭಯವಾಗುತ್ತಿದೆ ಎಂದು ಅವಳಿಗೆ ನಿಜವನ್ನೇ ಹೇಳಿದೆ. ಚೀಟಿ ಇನ್ನೂ ಗಣಪತಿಯ ಪಕ್ಕದಲ್ಲೇ ಇದೆ. ಹೂವು ಈಗ ನಾನೇ ಇಡುತ್ತೇನೆ.